ಹೌಸ್ ಮಾಸ್ಟರರ ಒಂದು ದಿನದ ರಜೆ: ಹೆತ್ತವರಿಗೊಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ವಸತಿ ಶಾಲೆಗಳಲ್ಲಿ ಮಕ್ಕಳನ್ನು ಓದಲು ಬಿಟ್ಟಿರುವ ತಂದೆತಾಯಿಯರಿಗೆ, ಅಜ್ಜ ಅಜ್ಜಿಯರಿಗೆ, ಸೋದರಮಾವಂದಿರಿಗೆ ಮತ್ತು ಮನೆಯ ಹಿರಿಯರೆಲ್ಲರಿಗೆ,



ವಸತಿ ಶಾಲೆಗೆ ಮಕ್ಕಳನ್ನು ಕಳುಹಿಸಿದ ಮನೆಗಳಲ್ಲಿ ಊಟ, ಪಾಠ, ಜ್ವರ, ಪರೀಕ್ಷೆ ಎಂಬ ನಾಲ್ಕು ವಿಷಯಗಳು ದಿನವೂ ಮಾತಿಗೆ ಬರುತ್ತವೆ. ಆ ನಾಲ್ಕನ್ನೂ ಹಗಲಿರುಳು ನೋಡಿಕೊಳ್ಳುವ ಹೌಸ್ ಮಾಸ್ಟರರಿಗೂ ಆಗೊಮ್ಮೆ ಈಗೊಮ್ಮೆ ಒಂದು ದಿನದ ರಜೆ ಇರುತ್ತದೆಂಬುದು ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಬಂದರೂ "ಇವತ್ತು ಸಾರ್ ಇಲ್ಲವಂತೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೋ" ಎಂಬ ಕಳವಳವಾಗಿಯೇ ಬರುತ್ತದೆ. ಹೆತ್ತವರ ಆ ಕಳವಳ ಸಹಜವಾದುದು, ಗೌರವಕ್ಕೆ ಅರ್ಹವಾದುದು. ಆದರೂ ಆ ಒಂದು ದಿನದ ರಜೆ ಮಕ್ಕಳ ಆರೈಕೆಗೆ ಸೇರಿದ್ದೇ ಆಗಿದೆಯೆಂಬುದನ್ನು, ಆ ದಿನದ ಸ್ವರೂಪವನ್ನೂ ಅದರ ಸಣ್ಣ ಸಣ್ಣ ಸಂತೋಷಗಳನ್ನೂ ವಿವರಿಸುತ್ತ, ತಮ್ಮೆಲ್ಲರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಮೊದಲಿಗೆ ಹೆಸರಿನ ವಿಚಾರ. ವಸತಿ ಶಾಲೆಯ ಮಕ್ಕಳನ್ನು ಕೆಲವು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೂ ಮಲಗುವ ಕೋಣೆಗಳನ್ನೂ ಆಟದ ತಂಡವನ್ನೂ ಒಂದು ಹೆಸರನ್ನೂ ಕೊಟ್ಟಾಗ ಅದನ್ನು ಹೌಸ್ ಎನ್ನುತ್ತಾರೆ. ಆ ಹೌಸಿನ ಹೊಣೆ ಹೊತ್ತ ಅಧ್ಯಾಪಕರು ಹೌಸ್ ಮಾಸ್ಟರ್, ಹುಡುಗಿಯರ ಹೌಸಿನಲ್ಲಿ ಹೌಸ್ ಮಿಸ್ಟ್ರೆಸ್. ಕರ್ನಾಟಕದ ಸರಕಾರಿ ವಿದ್ಯಾರ್ಥಿನಿಲಯಗಳಲ್ಲಿ ಬಳಕೆಯಲ್ಲಿರುವ ನಿಲಯಪಾಲಕ ಎಂಬ ಪದ ಇದಕ್ಕೆ ಹತ್ತಿರವಾದುದಾದರೂ ಎರಡರ ನಡುವೆ ಒಂದು ವ್ಯತ್ಯಾಸವಿದೆ: ನಿಲಯಪಾಲಕರ ಕೆಲಸ ನಿಲಯಕ್ಕೆ ಸಂಬಂಧಿಸಿದ್ದು, ಹೌಸ್ ಮಾಸ್ಟರರಾದರೋ ಹಗಲು ತರಗತಿಯಲ್ಲಿ ಗಣಿತವನ್ನೋ ಇತಿಹಾಸವನ್ನೋ ಕಲಿಸಿ, ಸಂಜೆಯಾದ ಮೇಲೆ ಅದೇ ಮಕ್ಕಳ ಹಾಸಿಗೆ, ಬಟ್ಟೆ, ಕೆಮ್ಮು, ಜಗಳಗಳ ಕಡೆಗೆ ತಿರುಗುವವರು. ಈ ಏರ್ಪಾಡು ಬೆಳೆದದ್ದು ಇಂಗ್ಲೆಂಡಿನ ಹಳೆಯ ವಸತಿ ಶಾಲೆಗಳಲ್ಲಿ. 1828ರಿಂದ 1842ರವರೆಗೆ ರಗ್ಬಿ ಶಾಲೆಯ ಮುಖ್ಯಸ್ಥರಾಗಿದ್ದ ಥಾಮಸ್ ಅರ್ನಾಲ್ಡ್ ಅವರು ಮಕ್ಕಳ ವಾಸದ ಮನೆಗಳನ್ನು ಅಧ್ಯಾಪಕರ ಕೈಗೇ ಒಪ್ಪಿಸಿದ ಮೇಲೆ ಅದಕ್ಕೆ ಗಟ್ಟಿಯಾದ ರೂಪ ಬಂದಿತು. ನಮ್ಮ ನಾಡಿಗೆ ಆ ಪದ ಹೊಸದಾದರೂ ಅದರ ಹಿಂದಿನ ಭಾವನೆ ಹೊಸದಲ್ಲ. ಗುರುವಿನ ಮನೆಯಲ್ಲೇ ಶಿಷ್ಯರು ಉಂಡು, ಮಲಗಿ, ಕಲಿಯುವ ಗುರುಕುಲದ ಪದ್ಧತಿಯನ್ನು ಹೊಸ ಕಾಲಕ್ಕೆ ಒಗ್ಗಿಸಿ 1940ರಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ಆರಂಭಿಸಿದ್ದು ಕರಾವಳಿಯ ಜನಕ್ಕೆ ತಿಳಿದೇ ಇದೆ.

ಕಾಸರಗೋಡು ಜಿಲ್ಲೆಯಲ್ಲಿ ಹೌಸ್ ಮಾಸ್ಟರ್ ಎಂಬ ಪದವನ್ನು ಮನೆಮಾತಾಗಿಸಿದ್ದು ಪೆರಿಯದಲ್ಲಿರುವ ಜವಾಹರ ನವೋದಯ ವಿದ್ಯಾಲಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿ ಜಿಲ್ಲೆಗೊಂದರಂತೆ ಸ್ಥಾಪನೆಯಾದ ಈ ಶಾಲೆಗಳಲ್ಲಿ, ಪ್ರವೇಶ ಪರೀಕ್ಷೆಯ ಮೂಲಕ ಆರನೆಯ ತರಗತಿಗೆ ವರ್ಷಕ್ಕೆ 80 ಮಕ್ಕಳವರೆಗೆ ಸೇರಿಸಿಕೊಳ್ಳುತ್ತಾರೆ; ಕನಿಷ್ಠ 75 ಶೇಕಡಾ ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹುಡುಗಿಯರಿಗೆ ಮೀಸಲು. ಅಲ್ಲಿನ ಹೌಸುಗಳ ಹೆಸರು ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ. ಹೀಗೆ ಎಣ್ಮಕಜೆಯ ಗುಡ್ಡದಿಂದ ಬಂದ ಹುಡುಗನೊಬ್ಬ ಕಂಡರಿಯದ ಅರಾವಳಿ ಬೆಟ್ಟದ ಹೆಸರಿನ ಮನೆಯಲ್ಲಿ ಏಳು ವರ್ಷ ಬಾಳುತ್ತಾನೆ. ಒಂಬತ್ತನೆಯ ತರಗತಿಯಲ್ಲಿ 30 ಶೇಕಡಾ ಮಕ್ಕಳು ಒಂದು ವರ್ಷದ ಮಟ್ಟಿಗೆ ಬೇರೆ ಭಾಷಾ ಪ್ರದೇಶದ ನವೋದಯಕ್ಕೆ ಹೋಗುವ ವಲಸೆಯ ನಿಯಮವೂ ಇರುವುದರಿಂದ, ಹಿಂದಿ ಮಾತಿನ ಜಿಲ್ಲೆಯ ಮಕ್ಕಳು ಇಲ್ಲಿಗೂ ಇಲ್ಲಿನವರು ಅಲ್ಲಿಗೂ ಹೋಗುತ್ತಾರೆ. ಇದಲ್ಲದೆ ಕೇರಳ ಸರಕಾರದ ಪರಿಶಿಷ್ಟ ವರ್ಗ ಅಭಿವೃದ್ಧಿ ಇಲಾಖೆಯ ಮಾದರಿ ವಸತಿ ಶಾಲೆ ಪರವನಡ್ಕದಲ್ಲಿದೆ. ಹೆಸರು, ಇಲಾಖೆ, ನಿಯಮಗಳು ಬೇರೆ ಬೇರೆಯಾದರೂ ರಾತ್ರಿ ಮಕ್ಕಳ ಪಕ್ಕದಲ್ಲಿ ಒಬ್ಬ ಹಿರಿಯರು ಎಚ್ಚರವಾಗಿರಬೇಕೆಂಬುದು ಎಲ್ಲ ವಸತಿ ಶಾಲೆಗಳಿಗೂ ಸಮಾನವಾದ ಮಾತು.

ಆ ಹಿರಿಯರ ದಿನಚರಿಯನ್ನು ತಿಳಿದರೆ ರಜೆಯ ಅರ್ಥವೂ ತಿಳಿಯುತ್ತದೆ. ಬೆಳಕು ಹರಿಯುವ ಮೊದಲೇ ಗಂಟೆ ಹೊಡೆಸಿ, ಏಳದವರನ್ನು ಹೆಸರು ಹಿಡಿದು ಎಬ್ಬಿಸಿ, ಪಿ.ಟಿ. ಎಂದು ಕರೆಯುವ ಬೆಳಗಿನ ವ್ಯಾಯಾಮಕ್ಕೆ ಮೈದಾನಕ್ಕಿಳಿಸಿ, ಸ್ನಾನದ ಸರದಿಯ ತಗಾದೆ ತೀರಿಸಿ, ಮೆಸ್ ಎನ್ನುವ ಊಟದ ಮನೆಯಲ್ಲಿ ಯಾರು ತಿಂದರು, ಯಾರು ತಿನ್ನದೆ ಎದ್ದರು ಎಂದು ನೋಡಿ, ಅನಂತರ ತಾವೂ ಪುಸ್ತಕ ಹಿಡಿದು ತರಗತಿಗೆ ಹೋಗುವವರು ಅವರು. ಸಂಜೆ ಆಟ, ಅದಾದ ಮೇಲೆ ಮೇಲ್ವಿಚಾರಣೆಯ ಓದು, ಊಟ, ಕೊನೆಗೆ ಹಾಜರಿ, ಅಂದರೆ ಮಲಗುವ ಮುನ್ನ ತಲೆ ಎಣಿಸುವ ಕ್ರಮ. ಎಣಿಕೆಯಲ್ಲಿ ಒಂದು ತಲೆ ಕಡಿಮೆಯಾದರೆ ಎದೆ ಧಸಕ್ಕೆನ್ನುತ್ತದೆ. ಆ ತಲೆ ಸ್ನಾನದ ಮನೆಯಿಂದ ಒರಸಿಕೊಳ್ಳುತ್ತ ಹೊರಬಂದರೆ ಅಂದಿನ ದಿನ ಸುಖವಾಗಿ ಮುಗಿದಂತೆ. ಭಾನುವಾರ ಶಾಲೆಗೆ ರಜೆಯಾದರೂ ಹೌಸಿಗೆ ರಜೆಯಿಲ್ಲ. ಹಾಸಿಗೆ ಬಿಸಿಲಿಗೆ ಹಾಕುವುದು, ಕ್ಷೌರ, ಬಟ್ಟೆ ಒಗೆತ, ಕೋಣೆ ಗುಡಿಸುವುದು, ಹೆತ್ತವರ ಭೇಟಿ, ಇವೆಲ್ಲ ಆ ದಿನಕ್ಕೇ ಕೂಡಿಬರುವುದರಿಂದ ವಾರದ ಉಳಿದ ದಿನಗಳಿಗಿಂತ ಭಾನುವಾರವೇ ಭಾರವಾಗುವುದುಂಟು. ಆದ್ದರಿಂದ ಹೌಸ್ ಮಾಸ್ಟರರ ರಜೆ ಬಹುತೇಕ ನಡುವಾರದ ಯಾವುದೋ ದಿನ, ಸಹೋದ್ಯೋಗಿಯೊಬ್ಬರು "ಇವತ್ತು ನಾನು ನೋಡಿಕೊಳ್ಳುತ್ತೇನೆ, ಹೋಗಿ ಬನ್ನಿ" ಎಂದು ಹೊಣೆ ವಹಿಸಿಕೊಂಡಾಗ ಒದಗಿಬರುತ್ತದೆ.

ಬಿಡುವನ್ನು ಸೋಮಾರಿತನದೊಡನೆ ಬೆರೆಸಿ ನೋಡುವ ಅಭ್ಯಾಸ ನಮ್ಮ ಹಿರಿಯರಿಗೆ ಇರಲಿಲ್ಲ. ವೇದಪಾಠದ ಪರಂಪರೆಯಲ್ಲಿ ಅನಧ್ಯಾಯ ಎಂಬ ಪದವಿದೆ. ಪಾಠ ನಡೆಸಕೂಡದ ದಿನ ಅಥವಾ ಹೊತ್ತು ಎಂದು ಅದರ ಅರ್ಥ. ಪಾಡ್ಯ, ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆಗಳಷ್ಟೇ ಅಲ್ಲದೆ, ಅಕಾಲದಲ್ಲಿ ಗುಡುಗು ಬಂದಾಗ, ಧೂಳೆಬ್ಬಿಸುವ ಗಾಳಿ ಬೀಸಿದಾಗ, ಶಿಷ್ಟರಾದ ಅತಿಥಿ ಮನೆಗೆ ಬಂದಾಗಲೂ ಧರ್ಮಶಾಸ್ತ್ರಗಳು ಪಾಠವನ್ನು ನಿಲ್ಲಿಸಹೇಳಿದವು. ಐಗಳು ನಡೆಸುತ್ತಿದ್ದ ಕೂಲಿಮಠಗಳು, ಅಂದರೆ ಹಳೆಯ ಕಾಲದ ಊರ ಶಾಲೆಗಳು, ಅಮಾವಾಸ್ಯೆ ಹುಣ್ಣಿಮೆಗಳ ಬಿಡುವನ್ನು ಉಳಿಸಿಕೊಂಡು ಬಂದವು. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ತೆರೆದ ವಸತಿ ಶಾಲೆಯ ಪರಂಪರೆಯಲ್ಲಿ ಇಂದಿಗೂ ವಾರದ ಬಿಡುವು ಬುಧವಾರ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ, 1890ರಲ್ಲಿ. ಎಂದರೆ ಇಂದು ಎಲ್ಲರೂ ಹುಟ್ಟಿನಿಂದ ಬಂದ ಹಕ್ಕೆಂದು ಭಾವಿಸುವ ಭಾನುವಾರವೂ ಯಾರೋ ಕೇಳಿ ಪಡೆದುಕೊಟ್ಟದ್ದು.

ತುಳುನಾಡಂತೂ ಭೂಮಿಗೇ ರಜೆ ಕೊಟ್ಟ ನಾಡು. ಮಕರ ಮಾಸದ ಕೊನೆಗೆ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ರಜಸ್ವಲೆಯಾಗಿರುತ್ತಾಳೆಂದು ನಂಬಿ, ಉಳುವುದನ್ನೂ ಅಗೆಯುವುದನ್ನೂ ಹಸಿ ಗಿಡ ಕಡಿಯುವುದನ್ನೂ ಬಿಟ್ಟು, ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿ ತಿನ್ನುವ ಪದ್ಧತಿ ಕೇರಳ ಕರ್ನಾಟಕ ಗಡಿಯ ಎರಡೂ ಬದಿಗಳ ಮನೆಗಳಲ್ಲಿದೆ. ಹಾಗೆಯೇ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಸುಮಾರು ಮೇ 24ರ ಹೊತ್ತಿಗೆ, ಯಕ್ಷಗಾನದ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ದೈವಗಳ ನೇಮ ಕೋಲಗಳೂ ಮಳೆಗಾಲಕ್ಕೆಂದು ನಿಲ್ಲುತ್ತವೆ. ಯಕ್ಷಗಾನಕ್ಕೆ ಕವಿ ಪಾರ್ತಿಸುಬ್ಬನನ್ನು ಕೊಟ್ಟ ಕುಂಬಳೆಯ ಸೀಮೆಯಲ್ಲಿ ಗೆಜ್ಜೆ ಬಿಚ್ಚಿದ ಕಲಾವಿದರನ್ನು ಯಾರೂ ಕಲೆ ತೊರೆದವರೆಂದು ತಿಳಿಯುವುದಿಲ್ಲ, ಮಳೆ ಹಿಂದೆ ಸರಿದ ಮೇಲೆ ವೇಷ ಕಟ್ಟುವ ಚೌಕಿಯಲ್ಲಿ ಅವರನ್ನು ಕಾಣಬಹುದೆಂದು ಎಲ್ಲರಿಗೂ ಗೊತ್ತು. ಉಳುವ ನೆಲಕ್ಕೆ ಮೂರು ದಿನವನ್ನೂ ಕುಣಿಯುವ ಕಾಲಿಗೆ ಒಂದು ಮಳೆಗಾಲವನ್ನೂ ಮನಸಾರೆ ಬಿಟ್ಟುಕೊಟ್ಟ ಜನರಿಗೆ, ಮಕ್ಕಳನ್ನು ಕಾಯುವ ಕಣ್ಣಿಗೂ ಒಂದು ಹಗಲಿನ ಬಿಡುವು ಬೇಕೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ರಜೆಯ ದಿನದ ಸ್ವರೂಪ. ಹೌಸ್ ಮಾಸ್ಟರರ ರಜೆ ಬೆಳಗಿನ ಐದು ಗಂಟೆಗೇ ಆರಂಭವಾಗುತ್ತದೆ, ಏಕೆಂದರೆ ಗಂಟೆ ಹೊಡೆಯದಿದ್ದರೂ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ. ಎದ್ದು ಕೂತ ಮೇಲೆ ಎಬ್ಬಿಸಬೇಕಾದವರು ಯಾರೂ ಇಲ್ಲವೆಂಬುದು ನೆನಪಾಗಿ, ಮತ್ತೆ ಹೊದ್ದು ಮಲಗುವ ಆ ಅರ್ಧ ಗಂಟೆಯಷ್ಟು ಸವಿಯಾದದ್ದು ಇಡೀ ದಿನದಲ್ಲಿ ಬೇರೊಂದಿಲ್ಲ. ಚಹಾವನ್ನು ಬಿಸಿ ಇರುವಾಗಲೇ ಕುಡಿದು ಮುಗಿಸುವುದೂ ಒಂದು ಹಬ್ಬವೇ. ಆದರೆ ಅಭ್ಯಾಸವೆಂಬುದು ರಜೆಯ ಚೀಟಿಯನ್ನು ಒಪ್ಪುವುದಿಲ್ಲ. ಬಸ್ಸು ಹತ್ತಿದೊಡನೆ ಅವರ ಕಣ್ಣು ಪ್ರಯಾಣಿಕರ ತಲೆ ಎಣಿಸುತ್ತದೆ. ಹೋಟೆಲಿನಲ್ಲಿ ಪಕ್ಕದ ಮೇಜಿನ ಹುಡುಗ ಪಲ್ಯ ಬಿಟ್ಟು ಎದ್ದರೆ ತಿನ್ನೆಂದು ಹೇಳಲು ನಾಲಿಗೆ ತುರಿಸುತ್ತದೆ. ಬಂಧುಗಳ ಮನೆಯಲ್ಲಿ ಯಾರೂ ಇಲ್ಲದ ಕೋಣೆಯ ಫ್ಯಾನು ತಿರುಗುತ್ತಿದ್ದರೆ ಕೈ ಗೋಡೆಯ ಕಡೆಗೆ ಹೋಗುತ್ತದೆ. ಅಂಗಡಿಯಲ್ಲಿ ಹೊಸ ಕೊಡೆ ಕೊಂಡರೆ, ಮಕ್ಕಳ ಕೊಡೆಗಳ ಮೇಲೆ ಬರೆಸುವಂತೆಯೇ, ಹಿಡಿಯ ಮೇಲೆ ತಮ್ಮ ಹೆಸರನ್ನೂ ಬರೆದುಕೊಂಡೇ ಮುಂದಿನ ಕೆಲಸ. ಮಕ್ಕಳಿಂದ ದೂರವಿರುವ ದಿನವೂ ಮಕ್ಕಳು ಹೌಸ್ ಮಾಸ್ಟರರ ಮೈಯಲ್ಲಿ ಎಷ್ಟು ಆಳವಾಗಿ ಉಳಿದಿರುತ್ತಾರೆಂಬುದಕ್ಕೆ ಇವೆಲ್ಲ ಪ್ರೀತಿಯ ಗುರುತುಗಳು. ಇವನ್ನು ಕಂಡು ನಗುವ ಮನೆಮಂದಿಗೂ ಆ ನಗುವಿನ ಜೊತೆಗೆ ಒಂದಿಷ್ಟು ಹೆಮ್ಮೆ ಇದ್ದೇ ಇರುತ್ತದೆ.

ರಜೆ ಕೊಡುವ ಹೊಸ ನೋಟಕ್ಕೆ ಪೆರಿಯದಿಂದ ಹೆಚ್ಚು ದೂರವಿಲ್ಲದ ಬೇಕಲ ಕೋಟೆಯನ್ನೇ ಉದಾಹರಣೆಯಾಗಿ ನೋಡಬಹುದು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದ, ಸುಮಾರು 40 ಎಕರೆಯಷ್ಟು ಹರವಿನ, ಮುರಕಲ್ಲಿನ ಆ ಕೋಟೆಗೆ ಮಕ್ಕಳನ್ನು ಕರೆದೊಯ್ಯದ ಶಾಲೆ ಈ ಸುತ್ತಿನಲ್ಲಿ ಇರಲಾರದು. ಪ್ರವಾಸದ ದಿನ ಹೌಸ್ ಮಾಸ್ಟರರಿಗೆ ಕೋಟೆಯಲ್ಲಿ ಕಾಣುವುದು ಮಕ್ಕಳ ತಲೆಗಳು ಮಾತ್ರ. ಬುರುಜಿನ ಮೇಲೆ ಎಷ್ಟು, ಸಮುದ್ರದ ಕಡೆಯ ಗೋಡೆಯ ಬಳಿ ಎಷ್ಟು, ಐಸ್ ಕ್ಯಾಂಡಿಯವರ ಮುಂದೆ ಎಷ್ಟು ಎಂಬ ಲೆಕ್ಕದಲ್ಲೇ ಹೊತ್ತು ಕಳೆಯುತ್ತದೆ. ರಜೆಯ ದಿನ ಅವರೇ ಒಬ್ಬಂಟಿಯಾಗಿ ಬಂದು ಅದೇ ಬುರುಜಿನ ಇಳಿಜಾರನ್ನು ಹತ್ತಿ ನಿಂತಾಗ ಮೊದಲ ಬಾರಿಗೆ ಸಮುದ್ರ ಕಾಣುತ್ತದೆ. ಹಾಗೆ ಸಮಾಧಾನವಾಗಿ ಕಂಡ ಸಮುದ್ರದ ಬಗ್ಗೆ, ಕೋಟೆಯ ಗೋಡೆಯ ಬಗ್ಗೆ, ಮುಂದಿನ ಪ್ರವಾಸದಲ್ಲಿ ಮಕ್ಕಳಿಗೆ ಹೇಳಲು ಅವರಲ್ಲಿ ಒಂದು ಹೊಸ ಮಾತು ಹುಟ್ಟಿರುತ್ತದೆ.

ಇನ್ನೊಂದು ದಿನದ ದಾರಿ ಉತ್ತರಕ್ಕೆ. ಪೊಯಿನಾಚಿ, ಚಟ್ಟಂಚಾಲು ದಾಟಿ, ತೆಕ್ಕಿಲ್ ಸೇತುವೆಯಲ್ಲಿ ಚಂದ್ರಗಿರಿ ಹೊಳೆಯನ್ನು ದಾಟಿದರೆ ಬಸ್ಸಿನೊಳಗಿನ ಮಾತಿನ ಬಣ್ಣ ನಿಧಾನವಾಗಿ ಬದಲಾಗುತ್ತದೆ. ತುಳುನಾಡಿಗೂ ಮಲೆಯಾಳಕ್ಕೂ ಎಲ್ಲೆಯೆಂದು ಹಿಂದಿನವರು ಎಣಿಸಿದ್ದ ಹೊಳೆ ಅದು; 1956ರ ನವೆಂಬರ್ 1ರಂದು ರಾಜ್ಯದ ಗಡಿ ಅದಕ್ಕಿಂತ ಉತ್ತರಕ್ಕೆ ಬಿದ್ದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಮಾತಿನ ಗಡಿ ಹೊಳೆಯ ಆಸುಪಾಸಿನಲ್ಲೇ ಉಳಿದಿದೆ. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಭಾಷೆಗಳಿರುವ ಈ ಜಿಲ್ಲೆಯನ್ನು ಸಪ್ತಭಾಷಾ ಸಂಗಮಭೂಮಿ ಎಂದು ಕರೆಯುವುದು ಸಭೆಗಳಲ್ಲಿ ಕೇಳಿಬರುವ ಮಾತು. ಹೌಸ್ ಮಾಸ್ಟರರಿಗಾದರೋ ಅದು ರಾತ್ರಿ ಹತ್ತು ಗಂಟೆಯ ಅನುಭವ. ಹಗಲು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸಿ, ಮೆಸ್ಸಿನಲ್ಲಿ ಗೆಳೆಯರೊಡನೆ ಮಲೆಯಾಳವನ್ನೋ ಹಿಂದಿಯನ್ನೋ ಆಡುವ ಆರನೆಯ ತರಗತಿಯ ಮಗು, ದೀಪ ಆರಿದ ಮೇಲೆ ಅಳುವುದು ಅಮ್ಮನ ಭಾಷೆಯಲ್ಲಿ ಮಾತ್ರ. ಆಗ ಹಾಸಿಗೆಯ ಬದಿಯಲ್ಲಿ ಕೂತವರು ತುಳುವಿನ ಮಗುವಿಗೆ "ದಾನೆ ಆಂಡ್" ಎಂದೋ, ಹವ್ಯಕರ ಮನೆಯ ಮಗುವಿಗೆ "ಎಂತಾತು" ಎಂದೋ, ಮಲೆಯಾಳದ ಮಗುವಿಗೆ "ಎಂದಾಯಿ" ಎಂದೋ ಕೇಳಿದರೆ, ಮೂರಕ್ಕೂ "ಏನಾಯಿತು" ಎಂಬುದೊಂದೇ ಅರ್ಥವಾದರೂ, ಅರ್ಧ ಅಳು ಅಲ್ಲಿಗೇ ನಿಲ್ಲುತ್ತದೆ. ಈ ಮಾತುಗಳನ್ನು ತರಬೇತಿಯ ಪುಸ್ತಕಗಳಲ್ಲಿ ಕಲಿಯುವುದು ಕಷ್ಟ. ರಜೆಯ ದಿನ ಬಸ್ಸಿನ ಕಿಟಕಿಯ ಪಕ್ಕದಲ್ಲಿ, ಸಂತೆಯ ಅಂಗಡಿಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಅವು ಕಿವಿಗೆ ಬೀಳುತ್ತವೆ.

ಅದೇ ದಾರಿಯಲ್ಲಿ ಚೆರ್ಕಳದಿಂದ ಕವಲೊಡೆದು ಎಡನೀರು ಮಠವನ್ನು ದಾಟಿ ಬದಿಯಡ್ಕದ ಕಡೆಗೆ ಹೋದರೆ ಪೆರಡಾಲ ಸಿಗುತ್ತದೆ. ಅಲ್ಲಿನ ನವಜೀವನ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಪಾಠ ಮಾಡಿದಷ್ಟೇ ಶ್ರದ್ಧೆಯಿಂದ ತೋಟವನ್ನೂ ಮಾಡಿದರು, ಕಾವ್ಯವನ್ನೂ ಬರೆದರು, ಕಾಸರಗೋಡಿನ ಕನ್ನಡಕ್ಕಾಗಿ ಹೋರಾಡಿದರು. 1969ರಲ್ಲಿ ಅವರಿಗೆ ಅಧ್ಯಾಪಕರಿಗೆ ಕೊಡುವ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ದುಡಿತವೇ ನನ್ನ ದೇವರು'. ದುಡಿತವನ್ನು ದೇವರೆಂದ ಅವರ ಬಾಳಿನಲ್ಲಿ ಶಾಲೆಯ ಗೇಟಿನ ಹೊರಗಿನ ನೆಲಕ್ಕೂ ಮಾತಿಗೂ ದೊಡ್ಡ ಪಾಲಿತ್ತೆಂಬುದು ಇಲ್ಲಿ ನೆನೆಯಬೇಕಾದ ವಿಷಯ. ಅಧ್ಯಾಪಕರಿಗೆ ಶಾಲೆಯ ಹೊರಗೊಂದು ಬದುಕಿದ್ದರೆ ಆ ಬದುಕು ತಿರುಗಿ ಶಾಲೆಗೇ ಬರುತ್ತದೆ. ಹೌಸ್ ಮಾಸ್ಟರರ ಒಂದು ದಿನದ ರಜೆ ಆ ದೊಡ್ಡ ಬದುಕಿನ ಒಂದು ಸಣ್ಣ ಕಂತು.

ಮಕ್ಕಳಿಗೂ ಆ ದಿನದಿಂದ ಲಾಭವಿದೆ. ಹೌಸ್ ಮಾಸ್ಟರರು ಇಲ್ಲದ ಹಗಲು ಹೊಣೆ ಹೊತ್ತ ಬೇರೊಬ್ಬ ಅಧ್ಯಾಪಕರ ಕಣ್ಣಳತೆಯಲ್ಲಿ, ಹೌಸ್ ಕ್ಯಾಪ್ಟನ್ ಎನಿಸಿಕೊಂಡ ಹಿರಿಯ ವಿದ್ಯಾರ್ಥಿ ಕಿರಿಯರನ್ನು ಸಾಲು ನಿಲ್ಲಿಸಿ ಮೆಸ್ಸಿಗೆ ಕರೆದೊಯ್ಯುವುದನ್ನು ಕಲಿಯುತ್ತಾನೆ. ಕಿರಿಯರು ಅವನ ಮಾತು ಕೇಳುವುದನ್ನು ಕಲಿಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ತಾವು ಗೌರವಿಸುವ ಹಿರಿಯರು ಕೆಲಸ ಮಾಡುತ್ತಾರೆ, ದಣಿಯುತ್ತಾರೆ, ವಿಶ್ರಮಿಸುತ್ತಾರೆ, ಮತ್ತೆ ನಗುಮುಖದಿಂದ ಮರಳುತ್ತಾರೆ ಎಂಬ ಪಾಠವನ್ನು ಅವರು ಕಣ್ಣಾರೆ ಕಂಡು ಕಲಿಯುತ್ತಾರೆ. ಪರೀಕ್ಷೆಯ ಹೆದರಿಕೆಯಲ್ಲಿ ನಿದ್ದೆ ಬಿಡುವ ವಯಸ್ಸಿನವರಿಗೆ ಈ ಪಾಠ ಬಹಳ ಅಗತ್ಯ. ಸಂಜೆ ಕೈಚೀಲದೊಡನೆ ಅವರು ಗೇಟಿನೊಳಗೆ ಕಾಲಿಡುವಾಗ "ಸಾರ್, ಎಲ್ಲಿಗೆ ಹೋಗಿದ್ರಿ, ಏನು ತಂದಿದ್ದೀರಿ" ಎಂದು ಸುತ್ತುವರಿಯುವ ಮಕ್ಕಳು, ಒಂದು ದಿನದ ಅಗಲಿಕೆಯನ್ನು ಒಂದು ವರ್ಷದ್ದೆಂಬಂತೆ ನಟಿಸುವುದನ್ನು ನೋಡಲೆಂದಾದರೂ ಆಗಾಗ ರಜೆ ಹಾಕಬೇಕೆನಿಸುವುದು ಸಹಜ.

ಈ ಹಿನ್ನೆಲೆಯಲ್ಲಿ ಹೆತ್ತವರಲ್ಲಿ ಕೆಲವು ವಿನಂತಿಗಳು. ಶಾಲೆಗೆ ಮಗುವನ್ನು ಸೇರಿಸುವಾಗಲೇ ಹೌಸ್ ಮಾಸ್ಟರರ ದೂರವಾಣಿ ಸಂಖ್ಯೆಯ ಜೊತೆಗೆ, ಅವರಿಲ್ಲದ ದಿನ ಯಾರನ್ನು ಕೇಳಬೇಕೆಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು; ಮಗುವಿಗೆ ಜ್ವರವಿದ್ದರೆ ಅಥವಾ ಮನೆಯಲ್ಲಿ ತುರ್ತು ಸಂಗತಿ ನಡೆದಿದ್ದರೆ ಆ ಸಂಖ್ಯೆಗೆ ಯಾವ ಹೊತ್ತಿನಲ್ಲೂ ಸಂಕೋಚವಿಲ್ಲದೆ ಕರೆ ಮಾಡಬೇಕು. ಅಂಕ, ಪುಸ್ತಕ, ಬಟ್ಟೆ, ಮನೆಗೆ ಕರೆದೊಯ್ಯುವ ದಿನ ಮುಂತಾದ, ಒಂದು ದಿನ ತಡವಾದರೂ ಕೆಡದ ವಿಷಯಗಳನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದು. "ಸಾರ್ ರಜೆಯಂತೆ" ಎಂದು ಮಗು ಹೇಳಿದಾಗ ಕಳವಳದ ದನಿಯಲ್ಲಿ ಪ್ರಶ್ನಿಸದೆ, ಒಳ್ಳೆಯದಾಯಿತು ಎಂದು ಉತ್ತರಿಸಿದರೆ ಮಗುವಿನ ಮನಸ್ಸೂ ಹಗುರಾಗುತ್ತದೆ. ಹಬ್ಬಕ್ಕೋ ಪೂಜೆಗೋ ಹೌಸ್ ಮಾಸ್ಟರರನ್ನು ಮನೆಗೆ ಕರೆಯುವ ಪದ್ಧತಿಯಿದ್ದರೆ, ಆ ಹೊತ್ತಿನಲ್ಲಿ ಮಗುವಿನ ಅಂಕಪಟ್ಟಿಯನ್ನು ಹೊರತೆಗೆಯದೆ, ತೋಟವನ್ನು ತೋರಿಸಿ, ಊರಿನ ಕಥೆ ಹೇಳಿ, ಎಲೆಯ ಮೇಲೆ ಇನ್ನೊಂದು ಸೌಟು ಪಾಯಸ ಬಡಿಸುವುದು ಮಕ್ಕಳಿಗೂ ಕ್ಷೇಮ.

ಕೊನೆಗೊಂದು ಹೋಲಿಕೆ. ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗಗಳಿವೆ. ಮುರಕಲ್ಲಿನ ಒಳಗೆ ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಹೊರಗಿನ ಕೆರೆಗೆ ಹರಿಸುವ ಈ ಏರ್ಪಾಡನ್ನು ನಂಬಿಯೇ ಎಷ್ಟೋ ಅಡಿಕೆ ತೋಟಗಳು ಬೇಸಗೆ ಕಳೆದಿವೆ. ಕೆರೆ ಬರಿದಾದ ದಿನ ಕೃಷಿಕರು ಸುರಂಗವನ್ನು ಅವಸರಪಡಿಸುವುದಿಲ್ಲ. ಕಟ್ಟೆಯನ್ನು ಮುಚ್ಚಿ, ರಾತ್ರಿ ಕಳೆಯಲು ಬಿಟ್ಟು, ಬೆಳಿಗ್ಗೆ ತುಂಬಿದ ನೀರನ್ನು ತೋಟಕ್ಕೆ ಬಿಡುತ್ತಾರೆ. ಇದನ್ನು ಬಲ್ಲ ಹೆತ್ತವರಿಗೆ ಹೌಸ್ ಮಾಸ್ಟರರ ರಜೆಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಾಗಲಾರದು. ಮುಂದೊಂದು ದಿನ ತಮ್ಮ ಕರೆಗೆ ಉತ್ತರ ಬಾರದಿದ್ದರೆ, ಅವರು ತೆಕ್ಕಿಲ್ ಸೇತುವೆಯ ಮೇಲೆ ಬಸ್ಸಿನ ಕಿಟಕಿಯ ಬಳಿ ಕೂತು ಹೊಳೆ ನೋಡುತ್ತಿರಬಹುದೆಂದು ತಿಳಿದು, ದಯವಿಟ್ಟು ಕಾಯಬೇಕು; ರಾತ್ರಿಯ ಹಾಜರಿಯ ಹೊತ್ತಿಗೆ ಅವರು ಕೋಣೆಯ ಬಾಗಿಲಲ್ಲಿ ನಿಂತು, ತಮ್ಮ ಮಗುವಿನ ತಲೆಯಿಂದಲೇ ಎಣಿಕೆ ಆರಂಭಿಸುತ್ತಾರೆ.

ಇಂತು ವಿಶ್ವಾಸದಿಂದ,
ವಸತಿ ಶಾಲೆಯ ಒಬ್ಬ ಹೌಸ್ ಮಾಸ್ಟರ್
ಕಾಸರಗೋಡು ಜಿಲ್ಲೆ